ಮೂರು ಬೀಪ್‌ಗಳ ಬಾಗಿಲು

ಜನವರಿ ತಿಂಗಳ ಒಂದು ಬೆಳಿಗ್ಗೆ ಅಕ್ಕ ಆಫೀಸಿನ ಪಾರ್ಕಿಂಗ್‌ನಲ್ಲಿ ವ್ಯಾನ್ ನಿಲ್ಲಿಸಿ ಬಟನ್ ಒತ್ತಿದಳು. ಬಲಗಡೆ ಬಾಗಿಲು ನಾಲ್ಕು ಇಂಚು ಹಿಂದೆ ಸರಿದು ನಿಂತಿತು. ಮೂರು ಸಲ ಬೀಪ್ ಅಂತು. ಮತ್ತೆ ಒತ್ತಿದಳು. ನಾಲ್ಕು ಇಂಚು, ಮೂರು ಬೀಪ್. ಹೊರಗೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ, ಓಹಾಯೋದ ಚಳಿ ಗೊತ್ತಲ್ಲ. ಆ ನಾಲ್ಕು ಇಂಚಿನ ಸಂದಿಯಲ್ಲಿ ಗಾಳಿ ಒಳಗೆ ಬರ್ತಿತ್ತು, ಅಕ್ಕ ಹೊರಗೆ ಹೋಗೋ ಹಾಗಿರಲಿಲ್ಲ. ನನಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ನಾನು ಕಾರಿನ ಒಳಗಿದ್ದೀನಿ. ಕಾರು ನನ್ನನ್ನು ಬಿಡ್ತಾ ಇಲ್ಲ."

ನಾನು ತಲುಪುವಷ್ಟರಲ್ಲಿ ನಲವತ್ತು ನಿಮಿಷ ಆಗಿತ್ತು.

ಅಕ್ಕ ಪವರ್ ವೀಲ್‌ಚೇರ್‌ನಲ್ಲಿ ಓಡಾಡ್ತಾಳೆ, ಅದರಲ್ಲೇ ಕೂತು ವ್ಯಾನ್ ಓಡಿಸ್ತಾಳೆ. ಬ್ರೇಕೂ ಆಕ್ಸಿಲರೇಟರೂ ಕೈಯಲ್ಲಿ. ಡ್ರೈವರ್ ಸೀಟ್ ಇರಬೇಕಾದ ಜಾಗದಲ್ಲಿ ವೀಲ್‌ಚೇರ್ ಬಂದು ನೆಲದ ಕೊಂಡಿಗೆ ಕಚ್ಚಿಕೊಳ್ಳುತ್ತೆ. ಡ್ರೈವರ್ ಬಾಗಿಲು ಅವಳಿಗೆ ಕಿಟಕಿ ಇದ್ದ ಹಾಗೆ. ಅದರಿಂದ ಹಣ ಕೊಡಬಹುದು, ಕಾಫಿ ತಗೋಬಹುದು, ಇಳಿಯೋಕಾಗಲ್ಲ. ಹತ್ತೋದು ಇಳಿಯೋದು ಎಲ್ಲ ಬಲಗಡೆಯ ಸರಿಯುವ ಬಾಗಿಲಿಂದ. ಅವಳು ಯಾಕೆ ನಡೆಯಲ್ಲ ಅನ್ನೋದು ಈ ಬರಹದ ವಿಷಯ ಅಲ್ಲ. ವ್ಯಾನ್ ಯಾವ ಕಂಪನಿದು ಅಂತಲೂ ಹೇಳಲ್ಲ, ಯಾಕಂದ್ರೆ ನಾನು ಹೇಳೋ ದೋಷ ಒಂದು ಕಂಪನಿದಲ್ಲ. ನಾವು ಸಿನಿಮಾಕ್ಕೆ ವಿಮರ್ಶೆ ಬರೀತೀವಿ, ಫೋನಿಗೆ ಬರೀತೀವಿ, ಮಸಾಲೆ ದೋಸೆಗೂ ಬರೀತೀವಿ. ಇದು ಒಂದು ಬಾಗಿಲಿನ ವಿಮರ್ಶೆ. ಆ ಚಳಿಗಾಲದ ಮೂರು ಶನಿವಾರ ನಾನು ಅದರ ಪಕ್ಕದಲ್ಲಿ ಮಂಡಿಯೂರಿ ಕಳೆದಿದ್ದೀನಿ, ಅಷ್ಟು ಹಕ್ಕು ನನಗಿದೆ ಅಂದ್ಕೊಂಡಿದ್ದೀನಿ.

ಮೊದಲು ಬಾಗಿಲು ಹೇಗೆ ಕೆಲಸ ಮಾಡತ್ತೆ ನೋಡೋಣ. ಸರಿಯುವ ಬಾಗಿಲಿಗೆ ಮೂರು ಹಳಿ. ಮೇಲೊಂದು, ಕೆಳಗೊಂದು, ಮತ್ತೆ ವ್ಯಾನಿನ ಹೊರಮೈಯಲ್ಲಿ ಹಿಂದಿನ ಕಿಟಕಿಯ ಕೆಳಗೆ ಉದ್ದಕ್ಕೆ ಕಾಣುವ ಗೀರು ಇದೆಯಲ್ಲ, ಅದು ಮೂರನೆಯದು. ಮೂರರಲ್ಲೂ ಒಂದೊಂದು ಚಕ್ರದ ಜೋಡಣೆ. ಮೇಲಿನ ಮತ್ತು ಕೆಳಗಿನ ಹಳಿ ಮುಂದಿನ ತುದಿಯಲ್ಲಿ ಒಳಕ್ಕೆ ಬಾಗಿರತ್ತೆ. ಅದಕ್ಕೇ ಬಾಗಿಲು ಮೊದಲು ಸ್ವಲ್ಪ ಹೊರಗೆ ಬರತ್ತೆ, ಆಮೇಲೆ ಹಿಂದಕ್ಕೆ ಜಾರತ್ತೆ. ಕಷ್ಟ ಇರೋದೆಲ್ಲ ಆ ತಿರುವಿನಲ್ಲಿ. ಒಂದು ಸಣ್ಣ ಕಲ್ಲು, ಒಂದಿಷ್ಟು ಹೆಪ್ಪುಗಟ್ಟಿದ ಮಂಜು, ಸವೆದ ಒಂದು ಚಕ್ರ, ಏನಿದ್ದರೂ ಬಾಗಿಲು ತಕರಾರು ಮಾಡೋದು ಮೊದಲ ನಾಲ್ಕೈದು ಇಂಚಿನಲ್ಲೇ.

ಇದು ತುಂಬಾ ಹಳೇ ಉಪಾಯ. ಫೋಕ್ಸ್‌ವ್ಯಾಗನ್ ತನ್ನ ವ್ಯಾನಿನ ಎರಡನೇ ತಲೆಮಾರಿಗೆ 1967ರಲ್ಲೇ ಸರಿಯುವ ಬಾಗಿಲು ಕೊಟ್ಟಿತ್ತು. ಅಮೆರಿಕದಲ್ಲಿ ಮಿನಿವ್ಯಾನ್ ಅನ್ನೋ ಜಾತಿಯನ್ನೇ ಹುಟ್ಟುಹಾಕಿದ ಕ್ರೈಸ್ಲರ್‌ನ 1984ರ ಮಾಡೆಲ್‌ಗಳಲ್ಲಿ ಬಲಗಡೆ ಮಾತ್ರ ಈ ಬಾಗಿಲಿತ್ತು. ಎಡಗಡೆಗೆ ಬರೋಕೆ 1996ರ ಮಾಡೆಲ್ ತನಕ ಕಾಯಬೇಕಾಯ್ತು. ನಮ್ಮ ಪೀಳಿಗೆಗೆ ಈ ಬಾಗಿಲು ಪರಿಚಯ ಆಗಿದ್ದು ಮಾರುತಿ ಓಮ್ನಿಯಿಂದ. 1984ರಲ್ಲಿ ಬಂದು 2019ರಲ್ಲಿ ಹೋದ ಓಮ್ನಿಯನ್ನ ಸ್ಕೂಲ್ ಮಕ್ಕಳು ಎಷ್ಟು ಹತ್ತಿದ್ದಾರೋ, ಸಿನಿಮಾ ರೌಡಿಗಳೂ ಅಷ್ಟೇ ಹತ್ತಿದ್ದಾರೆ. ಹೀರೋಯಿನ್ ರಸ್ತೆ ದಾಟ್ತಿರ್ತಾಳೆ, ಓಮ್ನಿ ಬಂದು ನಿಲ್ಲತ್ತೆ, ಸರ್ ಅಂತ ಬಾಗಿಲು ಸರಿಯತ್ತೆ, ಮುಂದಿನದ್ದು ನಿಮಗೇ ಗೊತ್ತು. ಕಿಡ್ನ್ಯಾಪ್‌ಗೆ ಓಮ್ನಿಯೇ ಯಾಕೆ? ಬಾಗಿಲು ಅಗಲ, ತೆರೆಯೋಕೆ ಪಕ್ಕದಲ್ಲಿ ಜಾಗ ಬೇಡ, ಓಡುವಾಗಲೇ ತೆರೆಯಬಹುದು. ತಮಾಷೆ ಅಂದ್ರೆ ವೀಲ್‌ಚೇರ್ ವ್ಯಾನಿಗೆ ಸರಿಯುವ ಬಾಗಿಲು ಬೇಕಾಗೋದಕ್ಕೆ ಮೊದಲೆರಡು ಕಾರಣಗಳೇ ಸಾಕು.

ಈಗ ವೀಲ್‌ಚೇರ್ ವಿಷಯಕ್ಕೆ ಬರ್ತೀನಿ. ಅಮೆರಿಕದಲ್ಲಿ ಈ ವ್ಯಾನುಗಳ ಕಥೆ ಶುರುವಾಗೋದು ಇಂಡಿಯಾನಾದ ವಿನಮಾಕ್ ಅನ್ನೋ ಸಣ್ಣ ಊರಿನಿಂದ. ರಾಲ್ಫ್ ಬ್ರಾನ್ ಅಂತ ಒಬ್ಬರಿದ್ದರು. ಚಿಕ್ಕಂದಿನಿಂದಲೇ ಸ್ನಾಯು ಕ್ಷೀಣಿಸುವ ಕಾಯಿಲೆ. ಅರವತ್ತರ ದಶಕದಲ್ಲಿ ತನಗೆ ಬೇಕಾದ ಮೂರು ಚಕ್ರದ ಬ್ಯಾಟರಿ ಗಾಡಿಯನ್ನ ತಾನೇ ಮಾಡ್ಕೊಂಡರು. 1970ರಲ್ಲಿ ಡಾಡ್ಜ್ ವ್ಯಾನೊಂದಕ್ಕೆ ತಾನೇ ಲಿಫ್ಟ್ ಕೂರಿಸಿದರು. ಅಲ್ಲಿಂದ ಬೆಳೆದದ್ದೇ ಬ್ರಾನ್‌ಎಬಿಲಿಟಿ ಕಂಪನಿ. ಅವರು ತೀರಿಕೊಂಡಿದ್ದು 2013ರಲ್ಲಿ. ನನಗೆ ಈ ಕಥೆಯಲ್ಲಿ ಇಷ್ಟ ಆಗೋದು ಸ್ಫೂರ್ತಿ ಗೀರ್ತಿ ಅಲ್ಲ. ತನ್ನ ಗಾಡಿ ಕೆಟ್ಟರೆ ತಾನೇ ರಿಪೇರಿ ಮಾಡಬಲ್ಲ ಮನುಷ್ಯ ಅದನ್ನ ಮಾಡಿದ್ದ ಅನ್ನೋದು.

ಇವತ್ತಿನ ವ್ಯಾನುಗಳು ಹಾಗಿಲ್ಲ. ಯಾವುದೋ ದೊಡ್ಡ ಕಾರ್ ಕಂಪನಿ ಮಿನಿವ್ಯಾನ್ ಮಾಡತ್ತೆ. ಇನ್ನೊಂದು ಕಂಪನಿ ಅದನ್ನ ಕೊಂಡುಕೊಂಡು, ನೆಲವನ್ನ ಕತ್ತರಿಸಿ ತೆಗೆದು, ಹತ್ತರಿಂದ ಹದಿನಾಲ್ಕು ಇಂಚು ಕೆಳಗೆ ಹೊಸ ನೆಲ ಬೆಸೆಯತ್ತೆ. ವೀಲ್‌ಚೇರ್‌ನಲ್ಲಿ ಕೂತವರ ತಲೆ ಚಾವಣಿಗೆ ತಾಗಬಾರದಲ್ಲ. ನೆಲ ಇಳಿದ ಮೇಲೆ ಸೈಲೆನ್ಸರ್ ಪೈಪ್ ಬೇರೆ ದಾರಿ ಹಿಡೀಬೇಕು, ಬಾಗಿಲಿನ ಕೆಳಗಿನ ಹಳಿ ಹೊಸ ಜಾಗಕ್ಕೆ ಹೊಂದ್ಕೋಬೇಕು. ಆಮೇಲೆ ಮಡಚುವ ಅಥವಾ ನೆಲದೊಳಗೆ ಸೇರಿಕೊಳ್ಳುವ ಇಳಿಜಾರು ಹಲಗೆ, ಅಂದ್ರೆ ರ‍್ಯಾಂಪ್. ಜೊತೆಗೆ ಹಿಂದಿನ ಸಸ್ಪೆನ್ಷನ್ ಎಳೆದು ವ್ಯಾನನ್ನ ಒಂಟೆ ಥರ ಮಂಡಿಯೂರಿಸೋ ವ್ಯವಸ್ಥೆ, ರ‍್ಯಾಂಪ್ ಕಡಿದಾಗಬಾರದು ಅಂತ. ಇಷ್ಟಕ್ಕೆಲ್ಲ ವ್ಯಾನಿನ ಬೆಲೆಯ ಮೇಲೆ ಇಪ್ಪತ್ತು ಸಾವಿರ ಡಾಲರಿಗೂ ಹೆಚ್ಚು. ಮೆಡಿಕೇರ್ ಇದಕ್ಕೆ ದುಡ್ಡು ಕೊಡಲ್ಲ.

ಹೊಗಳೋದನ್ನ ಮೊದಲೇ ಹೊಗಳಿಬಿಡ್ತೀನಿ. ಇದು ಕೆಲಸ ಮಾಡುವ ದಿನ ನೋಡೋಕೆ ಚಂದ. ಅಕ್ಕ ಮನೆಯಿಂದ ಬರ್ತಾ ಕೀಲಿಯ ಬಟನ್ ಒತ್ತುತ್ತಾಳೆ. ಬಾಗಿಲು ಸರಿಯತ್ತೆ, ವ್ಯಾನ್ ಉಸಿರು ಬಿಟ್ಟ ಹಾಗೆ ಹಿಂಬದಿ ಕೆಳಗಿಳಿಯತ್ತೆ, ರ‍್ಯಾಂಪ್ ಮಡಿಕೆ ಬಿಚ್ಚಿ ನೆಲ ಮುಟ್ಟತ್ತೆ. ಒಟ್ಟು ಅರ್ಧ ನಿಮಿಷ. ಯಾರನ್ನೂ ಕರೀಬೇಕಿಲ್ಲ, ಯಾರಿಗೂ ಥ್ಯಾಂಕ್ಸ್ ಹೇಳಬೇಕಿಲ್ಲ. ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಬೇಕಾದ್ರೆ ದಿನಕ್ಕೆ ಆರು ಸಲ ಯಾರಿಗಾದರೂ ಥ್ಯಾಂಕ್ಸ್ ಹೇಳ್ತಾ ಒಂದು ವರ್ಷ ಬದುಕಿ ನೋಡಬೇಕು. ಅಕ್ಕ ಬೆಂಗಳೂರಿನಲ್ಲಿ ಹಾಗೆ ನಾಲ್ಕು ವರ್ಷ ಬದುಕಿದ್ದಾಳೆ.

ಆದರೆ ಈ ಬಾಗಿಲು ಹುಟ್ಟಿದ್ದು ಅವಳಿಗೋಸ್ಕರ ಅಲ್ಲ. ಮೋಟರ್ ಇರುವ ಸರಿಯುವ ಬಾಗಿಲು ಬಂದಿದ್ದು ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ತರಕಾರಿ ಚೀಲ ಹಿಡಿದ ಅಪ್ಪ ಅಮ್ಮಂದಿರಿಗಾಗಿ. ಅವರಿಗೆ ಅದು ಅನುಕೂಲ. ಕೆಟ್ಟರೆ ಕೈಯಿಂದ ಎಳೀತಾರೆ, ಇಲ್ಲ ಎಡಗಡೆ ಬಾಗಿಲಿಂದ ಹತ್ತುತ್ತಾರೆ, ಇಲ್ಲ ಮುಂದಿನ ಸೀಟ್ ಮೇಲಿಂದ ಮಗುವನ್ನ ದಾಟಿಸ್ತಾರೆ. ಅಂದ್ರೆ ಆ ಮೋಟರು, ಆ ಕೇಬಲ್ಲು, ಆ ಚಕ್ರ ಇವೆಲ್ಲ "ಕೆಟ್ಟರೆ ಕಿರಿಕಿರಿ" ಅನ್ನುವ ದರ್ಜೆಗೆ ತಯಾರಾದವು. ವ್ಯಾನಿನ ನೆಲ ಕತ್ತರಿಸುವವರು ಎಲ್ಲವನ್ನೂ ಬದಲಾಯಿಸ್ತಾರೆ, ಇದನ್ನ ಮಾತ್ರ ಹಾಗೇ ಬಿಡ್ತಾರೆ. ಅದೇ ಮೋಟರು, ಅದೇ ಕೇಬಲ್ಲು. ಆದರೆ ಈಗ ಅದು ಅನುಕೂಲ ಅಲ್ಲ, ಏಕೈಕ ದ್ವಾರ. ಒಂದೇ ಭಾಗ, ಎರಡು ಬೇರೆ ಬೇರೆ ಜವಾಬ್ದಾರಿ. ನನ್ನ ಮೊದಲ ಆಕ್ಷೇಪ ಇದು.

ಎರಡನೆಯದು ಸರಪಳಿಯದ್ದು. ಬಾಗಿಲು ಪೂರ್ತಿ ತೆರೆದಿದೆ ಅಂತ ಒಂದು ಸ್ವಿಚ್ ಹೇಳುವ ತನಕ ರ‍್ಯಾಂಪ್ ಹೊರಗೆ ಬರಲ್ಲ. ರ‍್ಯಾಂಪ್ ಪೂರ್ತಿ ಒಳಗೆ ಸೇರಿದೆ ಅಂತ ಇನ್ನೊಂದು ಸ್ವಿಚ್ ಹೇಳುವ ತನಕ ಬಾಗಿಲು ಮುಚ್ಚಲ್ಲ. ಗೇರ್ ಪಾರ್ಕ್‌ನಲ್ಲಿ ಇಲ್ಲದಿದ್ದರೆ ಯಾವುದೂ ಅಲ್ಲಾಡಲ್ಲ. ಪ್ರತಿಯೊಂದೂ ಸರಿಯಾದ ನಿಯಮವೇ. ರ‍್ಯಾಂಪ್ ಅರ್ಧ ತೆರೆದ ಬಾಗಿಲಿಗೆ ಗುದ್ದಿದರೆ ಎರಡೂ ಹಾಳು. ಆದರೆ ಇವನ್ನೆಲ್ಲ ಒಂದರ ಹಿಂದೆ ಒಂದು ಪೋಣಿಸಿದಾಗ, ಎಲ್ಲಿ ಒಂದು ಮಣಿ ಬಿದ್ದರೂ ಇಡೀ ಸರ ನಿಲ್ಲತ್ತೆ. ಎರಡು ಡಾಲರಿನ ಸ್ವಿಚ್ ತಾನು ಎಲ್ಲಿದ್ದೀನಿ ಅಂತ ಮರೆತರೆ ಅರವತ್ತು ಸಾವಿರ ಡಾಲರಿನ ವ್ಯಾನು ಸುಮ್ಮನಾಗತ್ತೆ. ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಇದು ಹೊಸದಲ್ಲ. ಒಂದು ಸಣ್ಣ ಸರ್ವಿಸ್ ಬಿದ್ದು ಇಡೀ ಸೈಟ್ ಮಲಗಿದ ರಾತ್ರಿಗಳು ನಮಗೂ ಗೊತ್ತು. ವ್ಯತ್ಯಾಸ ಏನಂದ್ರೆ ನಮ್ಮಲ್ಲಿ ಕನಿಷ್ಠ ಒಂದು ಲಾಗ್ ಇರತ್ತೆ.

ಇಲ್ಲಿ ಇರೋದು ಮೂರು ಬೀಪ್. ಹಳಿಯಲ್ಲಿ ಕಲ್ಲು ಸಿಕ್ಕರೂ ಮೂರು ಬೀಪ್, ಬ್ಯಾಟರಿ ಸೋತರೂ ಮೂರು ಬೀಪ್, ಕೇಬಲ್ ಹರಿದರೂ ಅದೇ. ನಾನು ವ್ಯಾನಿನ ಎರಡೂ ಕೈಪಿಡಿಗಳನ್ನ ಓದಿದೆ. ಹೌದು, ಎರಡು: ಒಂದು ಕಾರ್ ಕಂಪನಿದು, ಇನ್ನೊಂದು ನೆಲ ಇಳಿಸಿದವರದು. ಮೊದಲನೆಯದರ ಪ್ರಕಾರ ಬೀಪ್ ಅಂದ್ರೆ ಬಾಗಿಲಿಗೆ ಏನೋ ಅಡ್ಡ ಬಂದಿದೆ. ಎರಡನೆಯದರಲ್ಲಿ ಸಮಸ್ಯೆ-ಪರಿಹಾರದ ಒಂದು ಪಟ್ಟಿ ಇದೆ, ಎಡಗಡೆ ಸಾಲಿನಲ್ಲಿ ಹದಿನಾಲ್ಕು ಸಮಸ್ಯೆ, ಬಲಗಡೆ ಸಾಲಿನಲ್ಲಿ ಬಹುಪಾಲು ಒಂದೇ ವಾಕ್ಯ: ಅಧಿಕೃತ ಡೀಲರನ್ನು ಸಂಪರ್ಕಿಸಿ. ಸರ್ಕಾರಿ ಕಚೇರಿಯ ಹಿಂಬರಹ ಓದಿದ ಹಾಗಾಯ್ತು.

ಮೂರನೆಯ ಆಕ್ಷೇಪವೇ ಮುಖ್ಯ. ಕರೆಂಟ್ ಕೈಕೊಟ್ಟರೆ ಕೈಯಿಂದ ಬಾಗಿಲು ತೆರೆಯುವ ದಾರಿ ಎಲ್ಲ ವ್ಯಾನುಗಳಲ್ಲೂ ಇದೆ. ಅಕ್ಕನ ವ್ಯಾನಿನಲ್ಲೂ ಇದೆ. ಹೊರಗೆ ನಿಂತು ಹಿಡಿಕೆ ಎಳೆದು ಬಾಗಿಲನ್ನ ಪೂರ್ತಿ ಹಿಂದಕ್ಕೆ ತಳ್ಳಬೇಕು, ಆಮೇಲೆ ಒಂದು ಪಟ್ಟಿ ಹಿಡಿದು ರ‍್ಯಾಂಪನ್ನ ಮೈಮೇಲೆ ಬೀಳದ ಹಾಗೆ ಇಳಿಸಬೇಕು. ಕೈಪಿಡಿಯಲ್ಲಿ ಚಿತ್ರಸಮೇತ ಇದೆ. ಚಿತ್ರದಲ್ಲಿರುವ ಮನುಷ್ಯ ನಿಂತಿದ್ದಾನೆ. ಆ ಚಿತ್ರವನ್ನ ನಾನು ತುಂಬಾ ಹೊತ್ತು ನೋಡಿದೆ. ವೀಲ್‌ಚೇರ್ ಬಳಸುವವರಿಗಾಗಿಯೇ ಮಾಡಿದ ವ್ಯಾನಿನ ತುರ್ತು ವ್ಯವಸ್ಥೆಯನ್ನ ಬಳಸೋಕೆ ಎರಡು ಗಟ್ಟಿ ಕಾಲು, ಒಂದು ಗಟ್ಟಿ ಬೆನ್ನು ಬೇಕು. ಒಳಗಿನ ಹಿಡಿಕೆ? ಇದೆ. ಮಡಚಿದ ರ‍್ಯಾಂಪ್ ಬಾಗಿಲಿಗೆ ಒರಗಿ ಗೋಡೆಯ ಹಾಗೆ ನೆಟ್ಟಗೆ ನಿಂತಿರತ್ತಲ್ಲ, ಅದರ ಆಚೆಗಿದೆ. ಅಕ್ಕನಿಗೆ ಕಾಣತ್ತೆ, ಕೈಗೆ ಸಿಗಲ್ಲ.

ಸ್ವಾತಂತ್ರ್ಯ ಅಂತ ಜಾಹೀರಾತಿನಲ್ಲಿ ಮಾರಿದ್ದು ಒಳ್ಳೇ ದಿನದ ಸ್ವಾತಂತ್ರ್ಯ. ಕೆಟ್ಟ ದಿನಕ್ಕೆ ಒಬ್ಬ ತಮ್ಮ ಇರಬೇಕು ಅಂತ ಸಣ್ಣ ಅಕ್ಷರದಲ್ಲೂ ಬರೆದಿರಲಿಲ್ಲ.

ಇನ್ನು ರಿಪೇರಿ. ಮೊದಲ ಶನಿವಾರ ನಾನು ಎಲ್ಲರೂ ಮಾಡೋದನ್ನೇ ಮಾಡಿದೆ. ಬ್ಯಾಟರಿ ನೋಡಿದೆ. ಚಳಿಯಲ್ಲಿ ಬ್ಯಾಟರಿಗೆ ಜೀವ ಕಮ್ಮಿ, ಇಂಥ ವ್ಯಾನುಗಳಲ್ಲಿ ಬಾಗಿಲು, ರ‍್ಯಾಂಪು, ಮಂಡಿಯೂರುವ ಮೋಟರು ಮೂರೂ ಅದನ್ನೇ ಹೀರುತ್ತವೆ. ವೋಲ್ಟೇಜ್ ಸ್ವಲ್ಪ ಇಳಿದರೂ ಬಾಗಿಲು ಹುಚ್ಚುಹುಚ್ಚಾಗಿ ಆಡತ್ತೆ. ಬ್ಯಾಟರಿ ಚೆನ್ನಾಗಿತ್ತು. ಆಮೇಲೆ ಕೆಳಗಿನ ಹಳಿ. ಟಾರ್ಚ್ ಹಾಕಿ ನೋಡಿದರೆ ಅದೊಂದು ಭೂಗೋಳ ಪಾಠ. ರಸ್ತೆಗೆ ಸುರಿಯುವ ಉಪ್ಪು, ವೀಲ್‌ಚೇರ್ ಚಕ್ರ ಹೊತ್ತು ತಂದ ಮರಳು, ಒಂದು ಗೋಡಂಬಿ ಚೂರು, ನಾಣ್ಯ ಒಂದು, ಮತ್ತೆ ಯಾರೋ ಪುಣ್ಯಾತ್ಮರು ಹಿಂದೆ ಬಳಿದ ಗ್ರೀಸು. ಈ ಗ್ರೀಸು ಬಳಿಯುವ ಬುದ್ಧಿ ನಮ್ಮೆಲ್ಲರಿಗೂ ಬರತ್ತೆ. ಶಬ್ದ ಮಾಡುವ ಯಾವುದಕ್ಕೂ ಎಣ್ಣೆ ಹಾಕಿದರೆ ಸರಿಹೋಗತ್ತೆ ಅಂತ ಅಜ್ಜನ ಕಾಲದಿಂದ ಕಲಿತಿದ್ದೀವಿ. ಹಳಿಯಲ್ಲಿ ಅದು ಉಲ್ಟಾ. ಗ್ರೀಸಿಗೆ ಮರಳು ಅಂಟಿ ಉಜ್ಜುಕಾಗದ ಆಗತ್ತೆ, ಚಕ್ರ ಅದರ ಮೇಲೆ ಉರುಳಿ ಉರುಳಿ ಸವೆಯತ್ತೆ. ವ್ಯಾಕ್ಯೂಮ್ ಹಾಕಿ, ಒರೆಸಿ, ಒಣಗುವ ಜಾತಿಯ ಸಿಲಿಕೋನ್ ಸ್ಪ್ರೇ ಹೊಡೆದೆ. ಬಾಗಿಲು ನಾಲ್ಕು ದಿನ ಬೆಣ್ಣೆ ಥರ ಸರಿಯಿತು. ನಾನು ಬೀಗಿದೆ. ಐದನೇ ದಿನ ನಾಲ್ಕು ಇಂಚು, ಮೂರು ಬೀಪ್.

ಎರಡನೇ ಶನಿವಾರ ಸ್ವಿಚ್‌ಗಳ ಸರದಿ. ಮೂರನೇ ಶನಿವಾರ, ಮೂಲ ಸಿಕ್ಕಿತು. ಬಾಗಿಲಿಗೆ ಕರೆಂಟ್ ಹೋಗಬೇಕಲ್ಲ. ಬಾಗಿಲು ಓಡಾಡುವ ವಸ್ತು, ಹಾಗಾಗಿ ವೈರುಗಳ ಒಂದು ಕಟ್ಟು ಬಳುಕುವ ಪ್ಲಾಸ್ಟಿಕ್ ಸರಪಳಿಯೊಳಗೆ ಕೂತು ಅದರ ಜೊತೆ ಹಿಂದೆ ಮುಂದೆ ಬಾಗತ್ತೆ. ಪ್ರತಿ ಸಲ ತೆರೆದಾಗ ಒಂದು ಬಾಗು, ಮುಚ್ಚಿದಾಗ ಇನ್ನೊಂದು. ಸಂಸಾರಸ್ಥರ ವ್ಯಾನಿನಲ್ಲಿ ಈ ಬಾಗಿಲು ದಿನಕ್ಕೆ ಎರಡೋ ಮೂರೋ ಸಲ ತೆರೆಯಬಹುದು, ರಜೆ ದಿನ ಇಲ್ಲವೇ ಇಲ್ಲ. ಅಕ್ಕನ ವ್ಯಾನಿನಲ್ಲಿ ಪ್ರತಿ ಪ್ರಯಾಣಕ್ಕೆ ಎರಡು ಸಲ: ಹತ್ತೋಕೆ ಒಂದು, ಇಳಿಯೋಕೆ ಒಂದು. ಪೆಟ್ರೋಲ್ ಬಂಕಿಗೂ ಸೇರಿಸಿ. ವೈರಿನ ಒಳಗಿನ ತಾಮ್ರ ಬಾಗಿ ಬಾಗಿ ಒಂದು ಕಡೆ ಮುರಿದಿತ್ತು. ಹೊರಗಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗೇ ಇತ್ತು. ಬಾಗಿಲು ಮುಚ್ಚಿದಾಗ ಎರಡು ತುದಿ ಒಂದಕ್ಕೊಂದು ತಾಗ್ತಿದ್ದವು, ನಾಲ್ಕು ಇಂಚು ಸರಿದ ಕೂಡಲೇ ದೂರ ಆಗ್ತಿದ್ದವು. ಚಳಿ ಜಾಸ್ತಿ ಇದ್ದ ದಿನ ಪ್ಲಾಸ್ಟಿಕ್ ಬಿಗಿದುಕೊಂಡು ಬೇಗ ದೂರ ಆಗ್ತಿದ್ದವು. ಬೆಣ್ಣೆ ಥರ ಸರಿದ ನಾಲ್ಕು ದಿನ ನನ್ನ ಸ್ಪ್ರೇಯಿಂದ ಅಲ್ಲ, ಆ ವಾರ ಬಿಸಿಲಿದ್ದುದರಿಂದ.

ವೈರು ಮುರಿದಿದ್ದು ಗೊತ್ತಾದ ಮೇಲೆ ಬೆಸುಗೆ ಹಾಕೋದು ಅರ್ಧ ಗಂಟೆ ಕೆಲಸ. ಆದರೂ ಅಕ್ಕ ಬೇಡ ಅಂದಳು, ಸರಿಯಾಗಿಯೇ ಅಂದಳು: "ನೀನು ಬೆಸೆದಿದ್ದು ಹೆದ್ದಾರಿಯಲ್ಲಿ ಬಿಟ್ಟುಕೊಂಡರೆ?" ಸರಿ, ಡೀಲರ್ ಹತ್ತಿರ ಹೋದೆವು. ಇಲ್ಲಿಂದ ಮುಂದಿನದು ನಮ್ಮ ತಾಲೂಕು ಕಚೇರಿ ಕಂಡವರಿಗೆ ಹೊಸದಲ್ಲ. ಕಾರ್ ಕಂಪನಿಯ ಡೀಲರ್ ವ್ಯಾನಿನ ಕೆಳಗೆ ಬಗ್ಗಿ ನೋಡಿ, ಇದು ಕತ್ತರಿಸಿದ ವ್ಯಾನು, ನಾವು ಮುಟ್ಟಲ್ಲ, ಕನ್ವರ್ಷನ್ ಮಾಡಿದವರ ಹತ್ತಿರ ಹೋಗಿ ಅಂದ. ಐವತ್ತು ಮೈಲಿ ದೂರದ ವೀಲ್‌ಚೇರ್ ವ್ಯಾನ್ ಡೀಲರ್, ವೈರಿನ ಕಟ್ಟು ಕಾರ್ ಕಂಪನಿದು, ಅದು ನಮ್ಮ ವಾರಂಟಿಗೆ ಬರಲ್ಲ ಅಂದ. ನಾನು ತೆಗೆದ ಫೋಟೋ ತೋರಿಸಿದೆ. ಮುರಿದ ಜಾಗದಿಂದ ಎರಡು ಇಂಚು ಮೇಲೆ ಕನ್ವರ್ಷನ್ ಮಾಡಿದವರು ಅದೇ ವೈರಿಗೆ ತಮ್ಮದೊಂದು ವೈರು ಸೇರಿಸಿದ್ದರು, ಬಾಗಿಲು ತೆರೆದಿದೆಯಾ ಅಂತ ತಿಳಿಯೋಕೆ. ಅಂದ್ರೆ ಮುರಿದದ್ದು ಎರಡು ರಾಜ್ಯಗಳ ಗಡಿಯಲ್ಲಿ. ಬೆಳಗಾವಿ ಥರ. ಇಬ್ಬರೂ ತಮ್ಮದಲ್ಲ ಅಂತ ವಾದಿಸ್ತಿದ್ದರು ಅನ್ನೋದೊಂದೇ ವ್ಯತ್ಯಾಸ.

ಇದು ಬರೀ ನಮ್ಮ ದುರದೃಷ್ಟ ಅಂತ ತಳ್ಳಿಹಾಕಬಹುದು. ಆದರೆ ಮಾಮೂಲಿ ಸಂಸಾರಸ್ಥರ ವ್ಯಾನಿನಲ್ಲೇ ಈ ಬಾಗಿಲು ಸುಲಭದ ವಸ್ತು ಅಲ್ಲ. 2016ರಲ್ಲಿ ಟೊಯೋಟಾ ಅಮೆರಿಕದಲ್ಲಿ ಸುಮಾರು 7,44,000 ಸಿಯೆನ್ನಾ ವ್ಯಾನುಗಳನ್ನ ವಾಪಸ್ ಕರೆಸಿತ್ತು. ಬಾಗಿಲು ತೆರೆಯೋಕೆ ಅಡ್ಡಿಯಾದರೆ ಮೋಟರಿಗೆ ಅತಿಯಾಗಿ ಕರೆಂಟ್ ಹರಿದು ಫ್ಯೂಸ್ ಹೋಗಿ, ಅದೇ ಹೊತ್ತಿಗೆ ಚಿಲಕ ಬಿಚ್ಚಿಕೊಂಡಿದ್ದರೆ ಓಡುವಾಗಲೇ ಬಾಗಿಲು ತೆರೆದುಕೊಳ್ಳಬಹುದು ಅನ್ನೋದು ಕಾರಣ. ಸಿಯೆನ್ನಾ ವೀಲ್‌ಚೇರ್ ವ್ಯಾನುಗಳಿಗೂ ಮೂಲವಾಗಿ ಬಳಕೆಯಲ್ಲಿರುವ ಗಾಡಿ. ಅಡ್ಡಿಯಾದಾಗ ಏನಾಗಬೇಕು ಅನ್ನುವ ಪ್ರಶ್ನೆಗೆ ಅಷ್ಟು ದೊಡ್ಡ ಕಂಪನಿಯೇ ಆರು ಮಾಡೆಲ್ ವರ್ಷ ಎಡವಿದೆ.

ರಿಪೇರಿಯ ಹಕ್ಕು ಅಂತ ಅಮೆರಿಕದಲ್ಲಿ ದೊಡ್ಡ ಚಳವಳಿ ಇದೆ. ಮೆಸಾಚುಸೆಟ್ಸ್‌ನ ಮತದಾರರು 2012ರಲ್ಲಿ ಕಾರುಗಳ ವಿಷಯದಲ್ಲಿ ಅದನ್ನ ಗೆದ್ದರು: ಡೀಲರಿಗೆ ಸಿಗುವ ಮಾಹಿತಿ ಮೂಲೆಯ ಗ್ಯಾರೇಜಿಗೂ ಸಿಗಬೇಕು ಅಂತ. ಕೊಲರಾಡೋ 2022ರಲ್ಲಿ ಪವರ್ ವೀಲ್‌ಚೇರ್‌ಗಳಿಗೆ ಅಂಥದ್ದೇ ಕಾನೂನು ಮಾಡಿತು, ದೇಶದಲ್ಲೇ ಮೊದಲು. ಒಂದು ಕಾನೂನು ಕಾರಿನ ಬಗ್ಗೆ, ಇನ್ನೊಂದು ಕುರ್ಚಿಯ ಬಗ್ಗೆ. ಕುರ್ಚಿ ಕಾರಿನೊಳಗೆ ಹೋಗುವ ಜಾಗದಲ್ಲಿ, ಅಂದ್ರೆ ನಮ್ಮ ಬಾಗಿಲಿನ ಹತ್ತಿರ, ಯಾರೂ ಸರಿಯಾಗಿ ನಿಂತು ನೋಡಿದ ಹಾಗೆ ಕಾಣಲ್ಲ. ಪಾರ್ಕಿಂಗ್ ಬಗ್ಗೆ ಮಾತ್ರ ಇಂಚಿನ ಲೆಕ್ಕ ಇದೆ: ಅಂಗವಿಕಲರಿಗೆ ಮೀಸಲಾದ ಪ್ರತಿ ಆರು ಜಾಗದಲ್ಲಿ ಒಂದು ವ್ಯಾನಿಗೆ ಇರಬೇಕು, ಪಕ್ಕದಲ್ಲಿ ರ‍್ಯಾಂಪ್ ಇಳಿಸೋಕೆ ಪಟ್ಟೆ ಬಳಿದ ಜಾಗ ಇರಬೇಕು. ಆ ಪಟ್ಟೆಯ ಮೇಲೆ "ಎರಡೇ ನಿಮಿಷ" ಅಂತ ಕಾರು ನಿಲ್ಲಿಸಿ ಹೋಗುವವರ ಬಗ್ಗೆ ಇನ್ನೊಂದು ಲೇಖನ ಬರೀಬಹುದು. ಬರೆದರೆ ಭಾಷೆ ಸಭ್ಯವಾಗಿರಲ್ಲ.

ಊರಿನ ಗೆಳೆಯನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅವನು ನಕ್ಕ. "ನಮ್ಮ ಓಮ್ನಿ ಬಾಗಿಲು ಕೆಟ್ಟರೆ ದಾವಣಗೆರೆಯಲ್ಲಿ ಯಾವ ಗ್ಯಾರೇಜಿಗೆ ಹೋದರೂ ಅರ್ಧ ಗಂಟೆ. ಚಕ್ರ ತೆಗಿ, ಹೊಸದು ಹಾಕು, ಹೊರಡು." ನಿಜ. ಓಮ್ನಿ ಬಾಗಿಲಿಗೆ ಮೋಟರಿಲ್ಲ, ಬೀಪ್ ಇಲ್ಲ, ಭಾರ ಇದ್ದರೂ ಏನಾಗಿದೆ ಅಂತ ಕೈಗೆ ಗೊತ್ತಾಗತ್ತೆ. ಈ ಹೋಲಿಕೆ ನನಗೂ ಮೊದಲು ಹಿತವಾಗಿತ್ತು, ಅಕ್ಕನಿಗೆ ಹೇಳೋ ತನಕ. ಅವಳು ಕೇಳಿದಳು: "ಆ ಓಮ್ನಿಗೆ ನಾನು ಹತ್ತಿದ್ದು ಹೇಗೆ ಅಂತ ನೆನಪಿದೆಯಾ?" ನೆನಪಿದೆ. ನಾನು ಒಂದು ಕಂಕುಳ ಹಿಡಿದು, ಡ್ರೈವರ್ ಇನ್ನೊಂದು ಹಿಡಿದು, ಕುರ್ಚಿಯನ್ನ ಮಡಚಿ ಹಿಂದೆ ತುರುಕಿ. ಅವಳಿಗೆ ಆಗ ಇಪ್ಪತ್ತಾರು. ಮದುವೆ ಮನೆಯ ಮುಂದೆ, ನೂರು ಜನ ನೋಡ್ತಿರುವಾಗ. ಈಗಿನ ಪವರ್ ಕುರ್ಚಿ 150 ಕಿಲೋ, ಅದನ್ನ ಮಡಚೋದೂ ಇಲ್ಲ, ಎತ್ತೋದೂ ಇಲ್ಲ. ಯಾರು ಬೇಕಾದರೂ ರಿಪೇರಿ ಮಾಡಬಹುದಾದ, ಆದರೆ ಅವಳು ಹತ್ತಲಾರದ ಬಾಗಿಲು ಅಲ್ಲಿ. ಅವಳು ಹತ್ತಬಲ್ಲ, ಆದರೆ ಯಾರೂ ರಿಪೇರಿ ಮಾಡಲೊಲ್ಲದ ಬಾಗಿಲು ಇಲ್ಲಿ. ಓಮ್ನಿಯ ಸರಳತೆಯನ್ನ ಹಾಡಿ ಹೊಗಳುವ ಮುಂಚೆ ನಾನು ಈಗ ಸ್ವಲ್ಪ ನಿಧಾನಿಸ್ತೀನಿ.

ಸರಳವಾಗಿಯೂ ಹತ್ತುವ ಹಾಗೂ ಮಾಡೋಕಾಗಲ್ವಾ? ಮಾಡಿದ್ದಾರೆ. ಲಂಡನ್ನಿನ ಕಪ್ಪು ಟ್ಯಾಕ್ಸಿಗಳೆಲ್ಲ 2000ದಿಂದ ವೀಲ್‌ಚೇರ್ ಹತ್ತುವಂಥವೇ. ಕೈಯಿಂದ ಹಾಕುವ ರ‍್ಯಾಂಪು, ಮೋಟರಿನ ಗೊಡವೆ ಇಲ್ಲ. ಆದರೆ ಅಲ್ಲಿ ಇಳಿದು ಬಂದು ರ‍್ಯಾಂಪ್ ಹಾಕುವ ಡ್ರೈವರ್ ಇರ್ತಾನೆ. ತಾನೇ ಡ್ರೈವರ್ ಆದವಳಿಗೆ ಅದು ಉತ್ತರ ಅಲ್ಲ. ಅಮೆರಿಕದಲ್ಲಿ ಎಂವಿ-1 ಅಂತ ಒಂದು ಗಾಡಿ ಬಂದಿತ್ತು, ಬೇರೆ ಯಾವುದನ್ನೋ ಕತ್ತರಿಸದೆ ಮೊದಲ ಗೆರೆಯಿಂದಲೇ ವೀಲ್‌ಚೇರ್‌ಗಾಗಿ ಬಿಡಿಸಿದ ಗಾಡಿ. ಸರ್ಕಾರ 5 ಕೋಟಿ ಡಾಲರ್ ಸಾಲವನ್ನೂ ಕೊಟ್ಟಿತ್ತು. ಅದನ್ನ ಶುರುಮಾಡಿದ ಕಂಪನಿ 2013ರಲ್ಲಿ ಕೆಲಸ ನಿಲ್ಲಿಸಿತು, ಬೇರೆಯವರು ಕೈಗೆತ್ತಿಕೊಂಡರೂ ಗಾಡಿ ಹೆಚ್ಚು ಕಾಲ ಉಳಿಯಲಿಲ್ಲ. ನೋಡೋಕೆ ಚೆನ್ನಾಗಿರಲಿಲ್ಲ, ಒಪ್ಕೋತೀನಿ. ಆದರೆ ಒಂದೇ ಗಾಡಿ, ಒಂದೇ ಕೈಪಿಡಿ ಅನ್ನುವ ಯೋಚನೆಯನ್ನ ಅದರ ಜೊತೆಗೇ ಹೂಳಬೇಕಿರಲಿಲ್ಲ.

ನಾನು ಕೇಳೋದು ಅಷ್ಟು ದೊಡ್ಡದೂ ಅಲ್ಲ. ಡ್ರೈವರ್ ಜಾಗದಿಂದ ಕೈಗೆ ಸಿಗುವ, ಕರೆಂಟಿನ ಹಂಗಿಲ್ಲದ ಒಂದು ಸನ್ನೆ. ಎಳೆದರೆ ಬಾಗಿಲು ಬಿಡಬೇಕು, ರ‍್ಯಾಂಪ್ ತನ್ನ ಭಾರಕ್ಕೆ ತಾನೇ ನಿಧಾನಕ್ಕೆ ಇಳಿಯಬೇಕು. ಡಿಕ್ಕಿಯೊಳಗೆ ಯಾರಾದರೂ ಸಿಕ್ಕಿಕೊಂಡರೆ ಎಳೆಯೋಕೆ ಕತ್ತಲಲ್ಲಿ ಹೊಳೆಯುವ ಹಿಡಿಕೆಯನ್ನ ಅಮೆರಿಕದ ಕಾರುಗಳಲ್ಲಿ ಕಡ್ಡಾಯ ಮಾಡಿ ಇಪ್ಪತ್ತು ವರ್ಷದ ಮೇಲಾಯ್ತು. ಡಿಕ್ಕಿಯಲ್ಲಿ ಸಿಕ್ಕಿಕೊಂಡವರಿಗೆ ಇರುವ ಸವಲತ್ತು ಸ್ಟೇರಿಂಗ್ ಹಿಡಿದವಳಿಗೆ ಇಲ್ಲ. ಇನ್ನೊಂದು, ಬೀಪ್ ಬದಲು ಒಂದು ಸಂಖ್ಯೆ. ವಾಷಿಂಗ್ ಮೆಷೀನು ಕೂಡ ನೀರು ಬರ್ತಿಲ್ಲವೋ ಬಾಗಿಲು ಹಾಕಿಲ್ಲವೋ ಅಂತ ಬೇರೆ ಬೇರೆ ಕೋಡ್ ತೋರಿಸತ್ತೆ ಮಾರಾಯ್ರೆ.

ಕೊನೆಗೆ ಕೆಲಸ ಮಾಡಿಕೊಟ್ಟಿದ್ದು ಇಬ್ಬರು ಡೀಲರುಗಳೂ ಅಲ್ಲ. ಊರಾಚೆ ಟ್ರಕ್ಕುಗಳಿಗೆ ವೈರಿಂಗ್ ಮಾಡುವ ಒಬ್ಬ ಮುದುಕ. ನಾನು ತೋರಿಸಿದ ಫೋಟೋ ನೋಡಿ, ಕಟ್ಟನ್ನ ಪೂರ್ತಿ ಹೊರಗೆಳೆದು, ಬಾಗುವ ಭಾಗದ ಅಷ್ಟೂ ವೈರುಗಳನ್ನ ಸಣ್ಣ ಎಳೆಗಳ ಮೆತ್ತನೆ ವೈರಿಗೆ ಬದಲಾಯಿಸಿದ. ಇಂಥದ್ದನ್ನ ರೋಬೋಟ್ ಕೈಗಳಿಗೆ ಹಾಕ್ತಾರಂತೆ, ಬಾಗೋದಕ್ಕೇ ಮಾಡಿದ್ದು. 240 ಡಾಲರ್ ತಗೊಂಡ. ಆ ಎರಡೂವರೆ ವಾರ ಅಕ್ಕ ಮನೆಯಿಂದಲೇ ಕೆಲಸ ಮಾಡಿದಳು. ಅವಳ ಆಫೀಸಿನವರು ಚಳಿಗೆ ಹೆದರಿದ್ದಾಳೆ ಅಂದ್ಕೊಂಡಿದ್ದರು, ಅವಳೂ ತಿದ್ದೋಕೆ ಹೋಗಲಿಲ್ಲ.

ಈಗ ಬಾಗಿಲು ಸರಿಯತ್ತೆ. ಅಕ್ಕ ಬೆಳಿಗ್ಗೆ ಹೊರಡುವ ಮೊದಲು ಗ್ಯಾರೇಜಿನೊಳಗೇ ಒಂದು ಸಲ ಸುಮ್ಮನೆ ತೆರೆದು ಮುಚ್ಚಿ ಶಬ್ದ ಕೇಳ್ತಾಳೆ. ರ‍್ಯಾಂಪಿನ ಆಚೆಗಿನ ಹಿಡಿಕೆಗೆ ನಾನೊಂದು ನೈಲಾನ್ ಹಗ್ಗ ಕಟ್ಟಿ, ಅದರ ತುದಿಯನ್ನ ಅವಳ ಎಡಗೈಗೆ ಸಿಗುವ ಹಾಗೆ ಬಿಟ್ಟಿದ್ದೀನಿ. ಎಳೆದರೆ ಚಿಲಕ ಬಿಡತ್ತೆ, ಬಾಗಿಲನ್ನ ತಳ್ಳೋಕೆ ಆಗಲ್ಲ. ಅದಕ್ಕೇ ಹಿಂದಿನ ಸೀಟಿನ ಮೂಲೆಯಲ್ಲಿ ಮಾವಿನಕಾಯಿ ಕೀಳುವ ಕೊಕ್ಕೆ ಥರದ್ದೊಂದು ಕೋಲೂ ಇದೆ. ಮೊನ್ನೆ ಇಳಿಜಾರಿನಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದೆವು. ಹಿಂಬದಿ ತಗ್ಗಿನಲ್ಲಿದ್ದಾಗ ಬಾಗಿಲು ತಾನೇ ಹಿಂದಕ್ಕೆ ಜಾರಿ ಪೂರ್ತಿ ತೆರೆಯಿತು. ಸಮತಟ್ಟಿನಲ್ಲಿ ಹನ್ನೊಂದು ಇಂಚು.